ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಟ್ರಯಲ್: ಆ ಏಳು ದಿನ ಏನನ್ನು ಅಳೆಯಬೇಕು

ಬೆನ್ನಿನ ಆಪರೇಷನ್ ಆಗಿ ವರ್ಷ ಕಳೆದರೂ ಸೊಂಟದಿಂದ ಕಾಲಿಗಿಳಿಯುವ ಉರಿ, ಛಳಕು ನಿಂತಿಲ್ಲ. ಮಾತ್ರೆ, ಫಿಸಿಯೊಥೆರಪಿ, ಇಂಜೆಕ್ಷನ್ ಎಲ್ಲ ಆಗಿದೆ. ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಮಾತು ಬರುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಬೆನ್ನುಹುರಿಯ ಹಿಂಬದಿಯ ಸಂದಿನಲ್ಲಿ ತೆಳು ತಂತಿ ಇಟ್ಟು, ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ, ನೋವಿನ ಸಂದೇಶವನ್ನು ತಗ್ಗಿಸುವ ಉಪಕರಣ ಇದು. 1967ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ನಾರ್ಮನ್ ಶೀಲಿ ಇದನ್ನು ಮೊದಲು ರೋಗಿಯಲ್ಲಿ ಬಳಸಿದರು. ಶಾಶ್ವತವಾಗಿ ಕೂರಿಸುವ ಮುನ್ನ ಕೆಲವು ದಿನ ಹಾಕಿಕೊಂಡು ನೋಡಬಹುದು ಎಂಬುದೇ ಇದರ ದೊಡ್ಡ ಅನುಕೂಲ. ಆದರೆ ಆ ದಿನಗಳಲ್ಲಿ ಏನನ್ನು ಅಳೆಯಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಟ್ರಯಲ್ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಬರೀ ಆಸೆ.

ಮೊದಲು, ನಿಮ್ಮ ನೋವು ಯಾವ ಬಗೆಯದು? ನರದ ನೋವು, ಅಂದರೆ ಉರಿ, ಕರೆಂಟ್ ಹೊಡೆದಂಥ ಛಳಕು, ಜೋಮು, ಅದರಲ್ಲೂ ಕಾಲಿಗೆ ಹರಡುವಂಥದ್ದಾದರೆ ಇದರಿಂದ ಗುಣ ಕಾಣುವ ಸಾಧ್ಯತೆ ಹೆಚ್ಚು. ಎದ್ದಾಗ, ಬಗ್ಗಿದಾಗ ಮಾತ್ರ ಹಿಡಿಯುವ ಕೀಲಿನ ನೋವಿಗೆ, ಬೆನ್ನುಮೂಳೆ ಜಾರಿ ಅಲುಗಾಡುವ ನೋವಿಗೆ ಇದು ಸರಿಯಾದ ಮದ್ದಲ್ಲ. ಟ್ರಯಲ್‌ಗೆ ಮುಂಚೆ ಎದೆಮಟ್ಟದ ಬೆನ್ನುಮೂಳೆಯ ಎಂಆರ್‌ಐ ನೋಡಿ, ತಂತಿ ಹೋಗುವಷ್ಟು ಜಾಗವಿದೆಯೇ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಮನಶ್ಶಾಸ್ತ್ರಜ್ಞರ ಜೊತೆ ಒಂದು ಭೇಟಿಯೂ ಇರುತ್ತದೆ. ‘ನನ್ನ ನೋವು ಸುಳ್ಳೆಂದುಕೊಂಡರೇ?’ ಎಂದು ನೊಂದುಕೊಳ್ಳಬೇಡಿ. ಖಿನ್ನತೆ, ನಿದ್ದೆಗೇಡು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆದರೆ ಫಲಿತಾಂಶ ಸ್ಪಷ್ಟವಾಗಿ ಕಾಣುತ್ತದೆ.

ಒಂದು ವಾರ ಮೊದಲೇ ಪುಸ್ತಕ ತೆರೆಯಿರಿ

ತಂತಿ ಹಾಕುವ ಮುಂಚಿನ ಏಳು ದಿನದ ಲೆಕ್ಕ ಇಲ್ಲದಿದ್ದರೆ ಆಮೇಲಿನ ಲೆಕ್ಕವನ್ನು ಯಾವುದಕ್ಕೆ ಹೋಲಿಸುವುದು? ದಿನಕ್ಕೆ ಮೂರು ಹೊತ್ತು ನೋವಿಗೆ 0ರಿಂದ 10ರೊಳಗೆ ಅಂಕ ಕೊಡಿ. ಬೆನ್ನಿಗೆ ಬೇರೆ, ಕಾಲಿಗೆ ಬೇರೆ. ಅಂಕಕ್ಕಿಂತ ಮುಖ್ಯವಾದದ್ದು ಕೆಲಸದ ಲೆಕ್ಕ: ನಿಲ್ಲದೆ ಎಷ್ಟು ನಿಮಿಷ ನಡೆದಿರಿ, ಒಂದೇ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಿರಿ, ಒಲೆಯ ಮುಂದೆ ಎಷ್ಟು ಹೊತ್ತು ನಿಂತಿರಿ, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ನೋವಿನ ಮಾತ್ರೆ ಎಷ್ಟು ನುಂಗಿದಿರಿ. ‘ದೇವಸ್ಥಾನದವರೆಗೆ ನಡೆದು ಬರಬೇಕು’ ಎಂಬಂಥ ಎರಡು ಮೂರು ಗುರಿಗಳನ್ನು ಆಗಲೇ ಬರೆದಿಡಿ. ಡಾಕ್ಟರು ಹೇಳದ ಹೊರತು ಟ್ರಯಲ್ ವೇಳೆ ಮಾತ್ರೆ ಬದಲಿಸಬೇಡಿ. ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ಹೇಳಲಾಗದು.

ರಕ್ತ ತೆಳುವಾಗಿಸುವ ಮಾತ್ರೆ (ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್) ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ. ಕ್ಲೊಪಿಡೊಗ್ರೆಲ್ ಅನ್ನು ಸಾಮಾನ್ಯವಾಗಿ 7 ದಿನ, ವಾರ್ಫರಿನ್ ಅನ್ನು ಸುಮಾರು 5 ದಿನ ಮೊದಲು ನಿಲ್ಲಿಸುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ತಾವಾಗಿ ನಿಲ್ಲಿಸಲೇಬಾರದು. ತಂತಿಯ ಜಾಗದಲ್ಲಿ ರಕ್ತಸ್ರಾವವಾದರೆ ಬೆನ್ನುಹುರಿಯೇ ಒತ್ತಿಹೋಗಬಹುದು. ಇಷ್ಟು ಎಚ್ಚರಿಕೆ ಅದಕ್ಕಾಗಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಮೈಮೇಲೆ ಕುರು, ಮೂತ್ರದ ಸೋಂಕು ಇದ್ದರೆ ದಿನ ಮುಂದೂಡುವುದೇ ಸರಿ.

ತಂತಿ ಹಾಕುವ ದಿನ

ಬೋರಲು ಮಲಗಿಸಿ, ಚರ್ಮ ಮರಗಟ್ಟಿಸಿ, ಎಕ್ಸ್‌ರೇ ಪರದೆ ನೋಡುತ್ತ ಸುಮಾರು 2 ಮಿಲಿಮೀಟರ್ ದಪ್ಪದ ಸೂಜಿಯನ್ನು ಸೊಂಟದ ಮೇಲ್ಭಾಗದಲ್ಲಿ ಚುಚ್ಚುತ್ತಾರೆ. ಅದರೊಳಗಿಂದ ಒಂದೋ ಎರಡೋ ತಂತಿ ಮೇಲಕ್ಕೆ ಸಾಗುತ್ತದೆ. ತಂತಿಗೆ ಲೀಡ್ ಎನ್ನುತ್ತಾರೆ. ಹೆಚ್ಚಾಗಿ ಒಂದೊಂದರ ತುದಿಯಲ್ಲಿ 8 ವಿದ್ಯುತ್ ಬಿಂದುಗಳು. ಸೊಂಟ, ಕಾಲಿನ ನೋವಿಗೆ ತುದಿಯನ್ನು ಸಾಮಾನ್ಯವಾಗಿ ಎದೆಮಟ್ಟದ 8ರಿಂದ 10ನೇ ಬೆನ್ನೆಲುಬಿನ ಆಸುಪಾಸು ನಿಲ್ಲಿಸುತ್ತಾರೆ. ಹಳೆಯ ಬಗೆಯ ಪ್ರೋಗ್ರಾಂ (ವಿದ್ಯುತ್ ಮಿಡಿಯುವ ಕ್ರಮ) ಆದರೆ ನಿಮ್ಮನ್ನು ಎಚ್ಚರವಿಟ್ಟು ‘ಜುಮುಜುಮು ಎಲ್ಲಿ ಆಗುತ್ತಿದೆ?’ ಎಂದು ಕೇಳುತ್ತಾರೆ. ನೋವಿರುವ ಜಾಗದಲ್ಲೇ ಆಗುತ್ತಿದ್ದರೆ ಮಾತ್ರ ಹೌದೆನ್ನಿ. ಪಕ್ಕೆಗೋ ಹೊಟ್ಟೆಗೋ ಹೊಡೆಯುತ್ತಿದ್ದರೆ ಸಂಕೋಚಪಡದೆ ಹೇಳಿ: ತಂತಿಯನ್ನು ಸರಿಸಲು ಆಗಿನಷ್ಟು ಸುಲಭ ಮತ್ತೆಂದೂ ಇಲ್ಲ. ಸೆಕೆಂಡಿಗೆ 10,000 ಸಲ ಮಿಡಿಯುವ ಬಗೆಯಲ್ಲಿ ಜುಮುಜುಮು ಇರುವುದೇ ಇಲ್ಲ. ಏನೂ ಅನಿಸದಿದ್ದರೆ ಕೆಟ್ಟಿದೆ ಎಂದಲ್ಲ. ತಂತಿಯ ಹೊರತುದಿಯನ್ನು ಬೆನ್ನಿಗೆ ಅಂಟಿಸಿ ಚಿಕ್ಕ ಯಂತ್ರಕ್ಕೆ ಜೋಡಿಸಿ, ಕೈಗೊಂದು ರಿಮೋಟ್ ಕೊಟ್ಟು ಅಂದೇ ಮನೆಗೆ ಕಳಿಸುವುದು ವಾಡಿಕೆ.

ಮನೆಯಲ್ಲಿ

ಟ್ರಯಲ್ ಹೆಚ್ಚಾಗಿ 3ರಿಂದ 7 ದಿನ. ತಂತಿಯನ್ನು ಹಿಡಿದಿಟ್ಟಿರುವುದು ಅಂಟುಪಟ್ಟಿ, ಹೆಚ್ಚೆಂದರೆ ಒಂದು ಹೊಲಿಗೆ. ಹಾಗಾಗಿ ಬಗ್ಗಬಾರದು, ಸೊಂಟ ತಿರುಚಬಾರದು, ಕೈಯನ್ನು ತಲೆಯ ಮೇಲಕ್ಕೆ ಚಾಚಬಾರದು, 2 ಕಿಲೋಗಿಂತ ಹೆಚ್ಚು ಭಾರ ಎತ್ತಬಾರದು. ನಮ್ಮ ಮನೆಗಳಲ್ಲಿ ಇದರ ಅರ್ಥ: ನೆಲದ ಮೇಲೆ ಕೂರುವುದಿಲ್ಲ, ಕುಕ್ಕರಗಾಲಿನ ಕಕ್ಕಸು ಇದ್ದರೆ ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಬೇಕು, ತುಂಬಿದ ಕೊಡ, ಕುಕ್ಕರ್ ಮುಟ್ಟಬಾರದು, ಬಟ್ಟೆ ಒಣಹಾಕಲು ಬೇರೆಯವರು ಬೇಕು. ಸ್ನಾನವಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದಷ್ಟೆ. ಲಂಗದ ಲಾಡಿ, ಪ್ಯಾಂಟಿನ ಬೆಲ್ಟ್ ಡ್ರೆಸ್ಸಿಂಗ್ ಮೇಲೆ ಕೂರದಿರಲಿ. ಯಂತ್ರ ಚಾಲೂ ಇರುವಾಗ ವಾಹನ ಓಡಿಸಬೇಡಿ.

ಹೀಗೆಂದು ಹಾಸಿಗೆ ಹಿಡಿದು ಮಲಗಿಬಿಟ್ಟರೆ ಟ್ರಯಲ್ ವ್ಯರ್ಥ. ಮಲಗಿದ್ದರೆ ಯಾರಿಗಾದರೂ ನೋವು ಕಡಿಮೆಯೇ. ಮೊದಲ ಎರಡು ದಿನ ಸೂಜಿಯ ನೋವಿರುತ್ತದೆ. ಅದನ್ನು ಹಳೆಯ ನೋವಿನ ಲೆಕ್ಕಕ್ಕೆ ಸೇರಿಸಬೇಡಿ. ಮೂರನೇ ದಿನದಿಂದ ಬರೆದಿಟ್ಟ ಗುರಿಗಳನ್ನು ಒಂದೊಂದಾಗಿ ಪರೀಕ್ಷಿಸಿ. ಎರಡು ಮೂರು ಪ್ರೋಗ್ರಾಂ ಕೊಟ್ಟಿದ್ದರೆ ಯಾವುದನ್ನು ಯಾವಾಗ ಹಾಕಿದಿರಿ ಎಂದು ಬರೆಯಿರಿ.

ಅಂಗಾತ ಮಲಗಿದಾಗ ಜುಮುಜುಮು ಥಟ್ಟನೆ ಜೋರಾಗಬಹುದು. ಬೆನ್ನುಹುರಿ ಆಗ ತಂತಿಗೆ ಹತ್ತಿರ ಬರುತ್ತದೆ, ಅಷ್ಟೆ. ಮಲಗುವ ಮುನ್ನ ಪ್ರಮಾಣ ತಗ್ಗಿಸಿ. ಜುಮುಜುಮು ಬೇರೆ ಕಡೆಗೆ ಹೋದರೆ ಅಥವಾ ಪೂರ್ತಿ ನಿಂತರೆ ತಂತಿ ಜಾರಿರಬಹುದು. ಆಸ್ಪತ್ರೆಗೆ ಫೋನ್ ಮಾಡಿ. ಬೇರೆ ಬಿಂದುಗಳನ್ನು ಚಾಲೂ ಮಾಡಿ ಅವರು ಹಲವು ಸಲ ಸರಿಪಡಿಸಬಲ್ಲರು. ಎದ್ದು ಕೂತರೆ ಹೆಚ್ಚಾಗಿ, ಮಲಗಿದರೆ ಇಳಿಯುವ ತಲೆನೋವು ಬಂದರೆ ಬೆನ್ನುಹುರಿಯ ಪೊರೆಗೆ ಸೂಜಿ ತಾಗಿ ದ್ರವ ಸೋರಿರುವ ಸೂಚನೆ. ಜ್ವರ, ಕೀವು ಕಂಡರೆ ಅಂದೇ ಹೋಗಿ. ಕಾಲಿನ ಬಲ ಕುಗ್ಗಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಬೆಳಗಾಗಲೆಂದು ಕಾಯದೆ ತುರ್ತು ವಿಭಾಗಕ್ಕೆ ಹೊರಡಿ. ಅಲ್ಲಿ ಗಂಟೆಗಳ ಲೆಕ್ಕ ಮುಖ್ಯ.

ಹೌದೋ ಅಲ್ಲವೋ

ನೋವು ಅರ್ಧಕ್ಕರ್ಧ ಇಳಿದರೆ ಟ್ರಯಲ್ ಗೆದ್ದಿತೆನ್ನುವುದು ರೂಢಿ. ಅಷ್ಟೇ ಸಾಲದು. ಅಂಕ 8ರಿಂದ 4ಕ್ಕೆ ಇಳಿದೂ ನಡಿಗೆ, ನಿದ್ದೆ ಎರಡೂ ಇದ್ದಂತೆಯೇ ಇದ್ದರೆ ಅವಸರಪಡಬೇಡಿ. ಹೊಸ ಉಪಕರಣದ ಮೇಲಿನ ನಂಬಿಕೆಯೇ ಕೆಲವು ದಿನ ನೋವು ತಗ್ಗಿಸಬಲ್ಲದು. ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ, ಆಪರೇಷನ್ ನಂತರವೂ ಕಾಲುನೋವು ಉಳಿದಿದ್ದ 50 ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ ಚಾಲೂ ಇದ್ದಾಗಲೂ ಆಫ್ ಇದ್ದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಸೊಂಟನೋವಿನಲ್ಲಿ ದೀರ್ಘಕಾಲದ ಲಾಭಕ್ಕೆ ಆಧಾರ ಸಾಲದೆಂದಿತು. ಇದರಿಂದ ಗುಣ ಕಂಡವರೂ ಇದ್ದಾರೆ. ಅದಕ್ಕೇ ನಿಮ್ಮ ಪುಸ್ತಕದ ಲೆಕ್ಕಕ್ಕೆ ಬೆಲೆ.

ತಂತಿ ತೆಗೆಯಲು ಕೆಲವೇ ನಿಮಿಷ ಸಾಕು. ತೆಗೆದ ಮೇಲೂ ಮೂರು ದಿನ ಬರೆಯಿರಿ. ನೋವು ಮರಳಿ ಬಂತೇ, ಎಷ್ಟು ಬಂತು ಎಂಬುದೂ ಸಾಕ್ಷಿಯೇ. ಆಮೇಲೆ ಪುಸ್ತಕ ಹಿಡಿದು ಡಾಕ್ಟರ ಮುಂದೆ ಕೂತು ಕೇಳಿ: ಚಾರ್ಜ್ ಮಾಡುವ ಬ್ಯಾಟರಿಯೋ, ಕೆಲವು ವರ್ಷಕ್ಕೆ ಬದಲಿಸುವಂಥದ್ದೋ? ಹಾಕಿಸಿಕೊಂಡ ಮೇಲೆ ಎಂಆರ್‌ಐ ಮಾಡಿಸಬಹುದೇ? ತಂತಿ ಜಾರಿದರೆ ಮತ್ತೆ ಸರಿಪಡಿಸುವ ಖರ್ಚು ಯಾರದು? ಟ್ರಯಲ್‌ಗೊಂದು, ಶಾಶ್ವತ ಯಂತ್ರಕ್ಕೊಂದು ಬಿಲ್ ಬೇರೆಬೇರೆ ಬರಬಹುದು. ಯಂತ್ರದ ಖರ್ಚು ಹಲವು ಲಕ್ಷ. ವಿಮೆ ಕಂಪನಿಯ ಒಪ್ಪಿಗೆಯನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಪಡೆದ ಮೇಲೆಯೇ ಆಪರೇಷನ್ ದಿನ ಗೊತ್ತು ಮಾಡಿ.