ಮಲಾವಿಯ ಹಳ್ಳಿಗೆ ಹೊರಟ ನರ್ಸ್‌ಗೆ: ಮೊದಲು ದಾರಿ ಕೇಳಿ

ನಾನು ಮಳವಳ್ಳಿಯವಳು. ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷ ನರ್ಸ್ ಆಗಿದ್ದೆ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಒಂದು ತಪ್ಪು ಮಾಡಿದೆ. ಮಲೇರಿಯಾ ಬಂದ ಮಗುವಿನ ತಾಯಿಗೆ ಮಾತ್ರೆ ಕೊಟ್ಟು, 'ಮನೆಗೆ ಹೋಗಿ ಕೊಡಿ' ಅಂದೆ. ಆಕೆ ಕತ್ತಲಲ್ಲೇ ಮನೆ ಬಿಟ್ಟು ನಾಲ್ಕು ಗಂಟೆ ನಡೆದು ಬಂದಿದ್ದಳು. ವಾಪಸ್ ಹೋಗೋದಕ್ಕೂ ಅಷ್ಟೇ ಹೊತ್ತು. ಮಗುವಿನ ಹೊಟ್ಟೆ ಖಾಲಿ.

ಅದಕ್ಕೇ ಹೇಳೋದು, ಮೊದಲು 'ಮುಲಿ ಬ್ವಾಂಜಿ' ಅನ್ನಿ. ಚಿಚೇವಾ ಭಾಷೆಯಲ್ಲಿ 'ಹೇಗಿದ್ದೀರಿ' ಅಂತ. ಆಮೇಲೆ ಎಷ್ಟು ಹೊತ್ತು ನಡೆದ್ರಿ, ಮಗು ಏನಾದ್ರೂ ತಿಂದಿದೆಯಾ ಅಂತ ಕೇಳಿ. ಕಾಯಿಲೆ ವಿಷಯ ಅದರ ನಂತರ.

ಜ್ವರ ಅಂದರೆ ಬೆರಳು ಚುಚ್ಚಿ ಮಲೇರಿಯಾ ಕಿಟ್‌ನಲ್ಲಿ ಪರೀಕ್ಷೆ ಮಾಡಿ. ಫಲಿತಾಂಶಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಸುಮ್ನೆ ಕೂರಬೇಡಿ. ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 1ರಿಂದ 5 ವರ್ಷದ ಮಗುವಿಗೆ 40 ಅಥವಾ ಜಾಸ್ತಿ, 2ರಿಂದ 11 ತಿಂಗಳಿನದಕ್ಕೆ 50 ಅಥವಾ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು. ಆರು ತಿಂಗಳು ದಾಟಿದ ಮಗುವಾದರೆ ತೋಳಿಗೆ ಅಳತೆ ಪಟ್ಟಿ ಸುತ್ತಿ ನೋಡಿ. 11.5 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಅದು ತೀವ್ರ ಅಪೌಷ್ಟಿಕತೆ.

ಮಲೇರಿಯಾ ಇದ್ದರೆ ಆರ್ಟಿಮೀಥರ್-ಲುಮೆಫ್ಯಾಂಟ್ರಿನ್, ದಿನಕ್ಕೆರಡು ಸಲ, ಮೂರು ದಿನ. ಮಾತ್ರೆ ಎಷ್ಟು ಅನ್ನೋದು ತೂಕ ನೋಡಿ. ಇದು ಜಿಡ್ಡಿನ ಆಹಾರದ ಜೊತೆ ಹೋದರೇ ಮೈಗೆ ಚೆನ್ನಾಗಿ ಹಿಡಿಯೋದು. ನಾನು ಕಡಲೆಕಾಯಿ ಪುಡಿ ಬೆರೆಸಿದ ಮುಸುಕಿನ ಜೋಳದ ಗಂಜಿ ಕೊಡಿಸುತ್ತಿದ್ದೆ. ಮೊದಲ ಡೋಸ್ ನಿಮ್ಮೆದುರೇ ಆಗಲಿ. ಅರ್ಧ ಗಂಟೆ ಕೂರಿಸಿಕೊಳ್ಳಿ, ಅಷ್ಟರೊಳಗೆ ವಾಂತಿ ಆದರೆ ಮತ್ತೆ ಕೊಡಿ. ಎರಡನೆಯದು ಎಂಟು ಗಂಟೆ ಬಿಟ್ಟು. ಆ ಹೊತ್ತಿಗೆ ಅವರು ದಾರಿಯಲ್ಲಿರುತ್ತಾರಾ, ಮನೆಯಲ್ಲಾ? ಲೆಕ್ಕ ಹಾಕಿ ಹೇಳಿ. ಗಡಿಯಾರ ಇಲ್ಲದ ಮನೆಗೆ ರೋಗಿಯ ಪುಸ್ತಕದಲ್ಲಿ ಸೂರ್ಯ, ಚಂದ್ರ ಬರೆದುಕೊಡಿ. ನನ್ನ ಚಂದ್ರ ಬಾಳೆಹಣ್ಣಿನ ಹಾಗಿರುತ್ತಿತ್ತು, ಆದರೂ ಅರ್ಥವಾಗುತ್ತಿತ್ತು!

ಫಿಟ್ಸ್, ಪ್ರಜ್ಞೆ ತಪ್ಪೋದು, ಕುಡಿಯಲಾರದಿರೋದು ಕಂಡರೆ 'ಸಂಜೆವರೆಗೆ ನೋಡೋಣ' ಅನ್ನಬೇಡಿ, ತಕ್ಷಣ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ದಾರಿಯೆಲ್ಲ ಕೆಸರು. ಮಲೇರಿಯಾ ಅನುಮಾನವಿದ್ದು ಮಗುವಿಗೆ ಆರು ವರ್ಷ ತುಂಬಿಲ್ಲದಿದ್ದರೆ ಗುದದ್ವಾರದಲ್ಲಿ ಆರ್ಟೆಸುನೇಟ್ ಅನ್ನೋ ಮಲೇರಿಯಾ ಔಷಧಿ ಇಟ್ಟು ಕಳಿಸಿ.

ನಮ್ಮ ಆಶಾ ಅಕ್ಕಂದಿರ ಹಾಗೆ ಅಲ್ಲೂ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿದ್ದಾರೆ, ಎಚ್‌ಎಸ್‌ಎ ಅಂತಾರೆ. ಆ ತಾಯಿಯ ಮನೆಗೆ ಮೂರನೇ ದಿನ ಹೋಗಿ ಖಾಲಿ ಸ್ಟ್ರಿಪ್ ನೋಡಿ ಬಂದದ್ದು ಅವರೇ. ಅವರ ಜೊತೆ ಕೂತು ನ್ಸಿಮಾ ತಿನ್ನಿ. ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ ಅದು, ನಮಗೇನು ಹೊಸದಲ್ಲ. ಬಸ್ಸಾರು ಮಾತ್ರ ಸಿಗಲ್ಲ.