ಪಕ್ಕದ ಮನೆಯ ಕಾಟಕ್ಕೆ ಹಳೇ ನೋಟ್‌ಬುಕ್

ಪಕ್ಕದ ಮನೆಯವರು ರಾತ್ರಿ ಹನ್ನೊಂದಾದರೂ ಟೆರೇಸಿನಲ್ಲಿ ಸ್ಪೀಕರ್ ಹಾಕುತ್ತಿದ್ದರು. ಕೇಳಲು ಹೋದರೆ ಬೈಗುಳ, ಮರುದಿನ ನಮ್ಮ ಗೇಟಿಗೆ ಅಡ್ಡ ಬೈಕು. ನಾನೂ ಕೂಗಾಡಿದೆ. ಸುಮ್ನೆ ಗಂಟಲು ನೋವು ಬಂತು, ಅಷ್ಟೇ.

ಆಮೇಲೆ ಬರೆದಿಡಲು ಶುರು ಮಾಡಿದೆ: ತಾರೀಕು, ಎಷ್ಟು ಗಂಟೆಗೆ ಶುರುವಾಯಿತು, ಯಾವಾಗ ನಿಂತಿತು, ಯಾರು ಏನಂದರು. ವಿಡಿಯೊ ನಿಮ್ಮ ಬಾಗಿಲಲ್ಲೇ ನಿಂತು ತೆಗೆಯಿರಿ. ಅವರ ಕಿಟಕಿಯೊಳಗೆ ಕ್ಯಾಮೆರಾ ತಿರುಗಿಸಿದರೆ ತಪ್ಪು ನಿಮ್ಮದಾಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮನೆಗಳಿರುವ ಕಡೆ ಮಿತಿ 45 ಡೆಸಿಬಲ್. ಗಲಾಟೆ ನಡೆಯುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ. ಮರುದಿನ ಹೇಳಿದರೆ ಕೇಳಿಸಲು ಅಲ್ಲಿ ಏನಿರುತ್ತದೆ, ಅಲ್ವಾ? ಠಾಣೆಗೆ ಬರೆದು ಕೊಟ್ಟ ದೂರಿಗೆ ಸ್ವೀಕೃತಿ ಕೇಳಿ ಪಡೆಯಿರಿ.

ನನ್ನದು ನಾಲ್ಕು ಪುಟ ತುಂಬಿತ್ತು. ಅದನ್ನು ನೋಡಿದ ಮೇಲೆಯೇ ಪೊಲೀಸರು ಅವರನ್ನು ಕರೆಸಿದ್ದು.