ಕಡಿಮೆ ಬೆಲೆಯ ಜಂಪ್ ಕ್ಯೂ: ಹಣ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು

ಪೂಲ್ ಆಟದಲ್ಲಿ ಅಡ್ಡ ನಿಂತ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸಲು ಬಳಸುವ ಗಿಡ್ಡ, ಹಗುರ ಕೋಲೇ ಜಂಪ್ ಕ್ಯೂ. ಕಳೆದ ಮಳೆಗಾಲದಲ್ಲಿ ಗೋಣಿಕೊಪ್ಪಲಿನ ಪೂಲ್ ಕೋಣೆಯೊಂದರಲ್ಲಿ ಯುವಕನೊಬ್ಬ ಆಗಷ್ಟೇ ತರಿಸಿಕೊಂಡಿದ್ದ ಜಂಪ್ ಕ್ಯೂ ಹಿಡಿದು ಹತ್ತು ಸಲ ಹೊಡೆದರೂ ಬಿಳಿ ಚೆಂಡು ಅಡ್ಡ ನಿಂತ ಚೆಂಡನ್ನು ಒಮ್ಮೆಯೂ ದಾಟಲಿಲ್ಲ. ಸಲದಿಂದ ಸಲಕ್ಕೆ ಅವನು ಹೆಚ್ಚು ಬಲ ಹಾಕುತ್ತಾ ಹೋದ. ಕೊನೆಗೆ ಮೇಜಿನ ಬಟ್ಟೆಯ ಮೇಲೆ ಸುಟ್ಟಂತೆ ಕಾಣುವ ಬಿಳಿ ಚುಕ್ಕೆಗಳು ಮಾತ್ರ ಉಳಿದವು. ಕ್ಯೂವನ್ನು ಕೈಗೆ ತೆಗೆದುಕೊಂಡು ನೋಡಿದೆ. ತೂಕ ಮಾಮೂಲಿ ಆಟದ ಕ್ಯೂವಿನ ಮುಕ್ಕಾಲು ಪಾಲಿನಷ್ಟಿತ್ತು, ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳುವ ಮೆತ್ತನೆಯ ಚರ್ಮದ ಟಿಪ್ (ಚೆಂಡಿಗೆ ತಾಗುವ ತುದಿ) ಇತ್ತು, ಹಿಡಿಯ ಮೇಲೆ ಬಂಗಾರದ ಬಣ್ಣದ ಡ್ರಾಗನ್ ಚಿತ್ರವಿತ್ತು. ಅವನ ಹೊಡೆತದಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಅವನು ಕೊಟ್ಟ ಹಣವೆಲ್ಲ ಆ ಚಿತ್ರಕ್ಕೆ ಹೋಗಿತ್ತು. ಇಂಥ ಖರೀದಿಗಳನ್ನು ವಿರಾಜಪೇಟೆಯಿಂದ ಕುಶಾಲನಗರದವರೆಗೆ ಸಾಕಷ್ಟು ಕಂಡ ಮೇಲೆ ಇದನ್ನು ಬರೆಯಬೇಕೆನಿಸಿತು.

ಜಂಪ್ ಹೊಡೆತ ನಡೆಯುವ ಬಗೆ ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿಯುತ್ತದೆ. ಬಿಳಿ ಚೆಂಡಿನ ಅಡಿಗೆ ಕ್ಯೂ ತೂರಿಸಿ ಎತ್ತಿ ಹಾರಿಸುವುದು ಫೌಲ್. ಕ್ಯೂವಿನ ಹಿಂಭಾಗವನ್ನು ಮೇಲೆತ್ತಿ, ಚೆಂಡನ್ನು ಮೇಲಿನಿಂದ ಕೆಳಮುಖವಾಗಿ ಹೊಡೆದಾಗ ಅದು ಬಟ್ಟೆಯ ಅಡಿಯಲ್ಲಿರುವ ಸ್ಲೇಟ್ ಕಲ್ಲಿಗೆ ತಾಗಿ ಪುಟಿದೇಳುತ್ತದೆ. ಪುಟಿಯುವ ಆ ಕ್ಷಣದಲ್ಲಿ ಕ್ಯೂವಿನ ತುದಿ ದಾರಿ ಬಿಟ್ಟುಕೊಡಬೇಕು. ಭಾರವಾದ ಕ್ಯೂ ಮುಂದಕ್ಕೇ ನುಗ್ಗಿ ಚೆಂಡನ್ನು ಕಲ್ಲಿಗೆ ಅದುಮಿ ಹಿಡಿಯುತ್ತದೆ, ಹಗುರವಾದದ್ದು ತಾಗಿದ ಕೂಡಲೇ ಹಿಂದಕ್ಕೆ ಚಿಮ್ಮುತ್ತದೆ. ಹಾಗೆಯೇ ಮೆತ್ತನೆಯ ಟಿಪ್ ಚೆಂಡಿನೊಂದಿಗೆ ಹೆಚ್ಚು ಹೊತ್ತು ಕೂಡಿರುತ್ತದೆ, ಗಟ್ಟಿಯಾದದ್ದು ಬೇಗ ಬಿಡುತ್ತದೆ. ಆದ್ದರಿಂದ ನೀವು ಕೊಡುವ ಹಣ ಹಗುರವಾದ, ನೆಟ್ಟಗಿನ ಮರಕ್ಕೆ ಮತ್ತು ಗಟ್ಟಿಯಾದ ತುದಿಗೆ ಹೋಗಬೇಕು. ಕೆತ್ತನೆ, ಬಣ್ಣ, ಹಿಡಿಗೆ ಸುತ್ತಿದ ದಾರ, ವೆಲ್ವೆಟ್ ಪೆಟ್ಟಿಗೆ ಇವುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊದಲು, ನೀವು ಎಲ್ಲಿ ಆಡುತ್ತೀರಿ ಎಂಬುದನ್ನು ಯೋಚಿಸಿ. ನಮ್ಮ ಜಿಲ್ಲೆಯ ತೋಟಗಾರರ ಹಳೆಯ ಕ್ಲಬ್ಬುಗಳಲ್ಲಿ ಹೆಚ್ಚಾಗಿ ಇರುವುದು ಬಿಲಿಯರ್ಡ್ಸ್ ಮತ್ತು ಸ್ನೂಕರ್ ಮೇಜುಗಳು. ಸ್ನೂಕರಿನಲ್ಲಿ ಅಡ್ಡವಿರುವ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸುವುದೇ ಫೌಲ್ ಆದ್ದರಿಂದ ಅಲ್ಲಿ ಜಂಪ್ ಕ್ಯೂವಿಗೆ ಕೆಲಸವೇ ಇಲ್ಲ. ಕೆಲವು ಹೋಂಸ್ಟೇಗಳಲ್ಲಿ ಸ್ಲೇಟ್ ಬದಲು ಮರದ ಹಲಗೆ ಹಾಕಿದ ಪೂಲ್ ಮೇಜುಗಳಿವೆ. ಅವುಗಳ ಮೇಲೆ ದಯವಿಟ್ಟು ಜಂಪ್ ಹೊಡೆಯಬೇಡಿ, ಚೆಂಡು ಸರಿಯಾಗಿ ಪುಟಿಯುವುದಿಲ್ಲ, ಹಲಗೆಯಲ್ಲಿ ತಗ್ಗು ಬಿದ್ದು ಮೇಜಿನ ಒಡೆಯರಿಗೆ ನಷ್ಟವಾಗುತ್ತದೆ.

ಎರಡನೆಯದು ಉದ್ದ. ವಿಶ್ವ ಪೂಲ್ ಬಿಲಿಯರ್ಡ್ ಸಂಸ್ಥೆಯ ನಿಯಮದಂತೆ ಜಂಪ್ ಕ್ಯೂ ಕನಿಷ್ಠ 40 ಅಂಗುಲ ಇರಬೇಕು, ಅಂದರೆ ಸುಮಾರು 101.6 ಸೆಂಟಿಮೀಟರ್, 40ರಿಂದ 42 ಅಂಗುಲದ್ದು ಸರಿ. ಟೇಪು ಹಿಡಿದು ಅಳೆಯಿರಿ. ಇಕ್ಕಟ್ಟಿನ ಜಾಗದಲ್ಲಿ ಆಡಲೆಂದು ಮಾಡಿದ 36 ಅಂಗುಲದ ಗಿಡ್ಡ ಕ್ಯೂವನ್ನೇ ಜಂಪ್ ಕ್ಯೂ ಎಂದು ಮಾರುವುದನ್ನು ಕಂಡಿದ್ದೇನೆ. ಮುರಿದ ಸ್ನೂಕರ್ ಕ್ಯೂವನ್ನು ಗರಗಸದಿಂದ ಕೊಯ್ದು ಬಳಸುವ ಅಡ್ಡದಾರಿಯೂ ಬೇಡ. ಅದರ ತುದಿ ತೀರಾ ಸಣ್ಣ, ಜಂಪ್ ಕ್ಯೂವಿಗೆ ಬೇಕಾದ 13ರಿಂದ 14 ಮಿಲಿಮೀಟರ್ ಅಗಲ ಅದಕ್ಕೆ ಬರುವುದಿಲ್ಲ.

ಮೂರನೆಯದು ತೂಕ. ಆಟದ ಕ್ಯೂ ಸಾಮಾನ್ಯವಾಗಿ 540 ಗ್ರಾಂ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಜಂಪ್ ಕ್ಯೂ 225ರಿಂದ 285 ಗ್ರಾಂ. ಮಾರುವವರು ಬರೆದ ಅಂಕಿಯನ್ನು ನಂಬದೆ, ಮನೆಯಲ್ಲಿ ಕರಿಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟು ನೋಡಿ. 300 ಗ್ರಾಂ ದಾಟಿದ್ದನ್ನು ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಬೆರಳ ಮೇಲೆ ಅಡ್ಡ ಮಲಗಿಸಿ ಸಮತೂಕವನ್ನೂ ಪರೀಕ್ಷಿಸಿ. ಹಾಕಿ ಸ್ಟಿಕ್ ಹಿಡಿದು ಬೆಳೆದ ಕೊಡಗಿನ ಕೈಗಳಿಗೆ ಹಿಂಬದಿ ಭಾರವಾದ ಕೋಲನ್ನು ಗುರುತಿಸಲು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಟಿಪ್ ಮತ್ತು ಅದರ ಕೆಳಗಿನ ಫೆರೂಲ್, ಅಂದರೆ ಟಿಪ್ಪಿಗೂ ಮರಕ್ಕೂ ನಡುವೆ ಕೂರುವ ಬಳೆ. ಕಡಿಮೆ ಬೆಲೆಯ ಕ್ಯೂಗಳು ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ಮಾರುಕಟ್ಟೆಯಲ್ಲಿ ಮೂರು ಬಗೆಯ ತುದಿಗಳು ಸಿಗುತ್ತವೆ. ಪದರ ಪದರವಾಗಿ ಒತ್ತಿ ಮಾಡಿದ ಗಟ್ಟಿ ಚರ್ಮದ್ದು ಒಂದು; ಇದರಿಂದ ಜಂಪ್ ಸಾಧ್ಯವಾದರೂ ಹತ್ತಿರದ ಚೆಂಡನ್ನು ದಾಟಿಸಲು ತುಂಬಾ ಪಳಗಿದ ಕೈ ಬೇಕು. ಫಿನಾಲಿಕ್ ರಾಳದ್ದು ಎರಡನೆಯದು, ಅಂದರೆ ಹಳೆಯ ವಿದ್ಯುತ್ ಸ್ವಿಚ್ಚುಗಳನ್ನು ಮಾಡುತ್ತಿದ್ದ ಬೇಕಲೈಟ್ ಜಾತಿಯ ವಸ್ತು. ಮೂರನೆಯದು ಗಾಜಿನ ನಾರು ಸೇರಿಸಿದ ಜಿ-10. ಇದು ಎಲ್ಲಕ್ಕಿಂತ ಗಟ್ಟಿ, ಆದರೆ ಬಿಳಿ ಚೆಂಡಿನ ಮೈಗೆ ಗಾಯ ಮಾಡುತ್ತದೆ, ಆಟದ ಕೋಣೆಯವರ ಸಿಟ್ಟಿಗೂ ಕಾರಣವಾಗುತ್ತದೆ. ನನ್ನ ಸಲಹೆ ಒಂದೇ: ಫಿನಾಲಿಕ್ ಕೊಳ್ಳಿ. ಟೂರ್ನಿಗಳಲ್ಲಿ ಆಡುವವರು ಮಾತ್ರ ಅಲ್ಲಿ ಫಿನಾಲಿಕ್ ತುದಿಗೆ ಅವಕಾಶವಿದೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಈ ವಿಷಯದಲ್ಲಿ ಎಲ್ಲ ಕಡೆ ಒಂದೇ ನಿಯಮವಿಲ್ಲ.

ಫಿನಾಲಿಕ್ ತುದಿಯನ್ನು ಕಣ್ಣಿನ ಹತ್ತಿರ ತಂದು ಮೊಬೈಲಿನ ಟಾರ್ಚ್ ಹಾಕಿ ಸುತ್ತಲೂ ತಿರುಗಿಸಿ ನೋಡಿ. ಟಿಪ್ಪು ಫೆರೂಲಿಗೆ ಕೂಡುವಲ್ಲಿ ಮತ್ತು ಫೆರೂಲು ಮರಕ್ಕೆ ಕೂಡುವಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೆ ಅಲ್ಲಿ ಅಂಟು ಹಿಡಿದಿಲ್ಲವೆಂದು ತಿಳಿಯಿರಿ. ಉಗುರನ್ನು ಮರದಿಂದ ತುದಿಯತ್ತ ನಿಧಾನವಾಗಿ ಎಳೆಯಿರಿ; ಎಲ್ಲಿಯೂ ತಡೆಯಬಾರದು. ಬಳಿಕ ಒಂದು ಕೈಯಲ್ಲಿ ಶಾಫ್ಟನ್ನು, ಅಂದರೆ ಕ್ಯೂವಿನ ಮುಂಭಾಗದ ಕೋಲನ್ನು, ಬಿಗಿಹಿಡಿದು ಇನ್ನೊಂದು ಕೈಯಿಂದ ತುದಿಯನ್ನು ತಿರುಚಿ, ಒಂದಿಷ್ಟೂ ಅಲುಗಬಾರದು. ನಾಣ್ಯದಿಂದ ಮೆಲ್ಲನೆ ತಟ್ಟಿದರೆ ಟಣ್ ಎಂಬ ಚೊಕ್ಕ ಸದ್ದು ಬರಬೇಕು; ಸದ್ದು ಮಂದವಾಗಿ ಬಂದರೆ ಒಳಗೆ ಪೊಳ್ಳು ಅಥವಾ ಬಿರುಕು ಇದೆ. ಟಿಪ್ಪು ಮತ್ತು ಫೆರೂಲು ಒಂದೇ ತುಂಡಿನಲ್ಲಿ ಕಡೆದದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ, ಕೀಳುವ ಸಂದು ಒಂದು ಕಡಿಮೆಯಾಗುತ್ತದೆ. ನನ್ನ ಮೊದಲ ಜಂಪ್ ಕ್ಯೂವಿನ ಟಿಪ್ಪು ಮೂರನೆಯ ದಿನವೇ ಹಾರಿಹೋಗಿತ್ತು. ಮಾರಿದವರು ಅದನ್ನು ಬಳಕೆದಾರನ ತಪ್ಪೆಂದು ಹೇಳಿ ಹಿಂದಕ್ಕೆ ಪಡೆಯಲಿಲ್ಲ. ಆ ನೋವು ಇಂದಿಗೂ ಇದೆ, ಆದ್ದರಿಂದಲೇ ಈ ಹಂತವನ್ನು ಇಷ್ಟು ಹಿಗ್ಗಿಸಿ ಬರೆಯುತ್ತಿದ್ದೇನೆ.

ತುದಿಯ ಆಕಾರವನ್ನೂ ನೋಡಬೇಕು. ಅದು ಚಪ್ಪಟೆಯಾಗಿರಬಾರದು, ಒಂದು ರೂಪಾಯಿ ನಾಣ್ಯದ ಅಂಚಿನ ಬಾಗಿನಷ್ಟು ಗುಂಡಗಿದ್ದರೆ ಸಾಕು. ಹೊಡೆತ ಜಾರದಂತೆ ತುದಿಗೆ ಹಚ್ಚುವ ಚಾಕ್ ಫಿನಾಲಿಕ್ ಮೇಲೆ ನಿಲ್ಲದಿದ್ದರೆ ನಯವಾದ ಉಪ್ಪುಕಾಗದದಿಂದ ಎರಡು ಸಲ ಸವರಿ ಒರಟು ಮಾಡಿದರೆ ನಿಲ್ಲುತ್ತದೆ. ಮೆತ್ತನೆಯ ಚರ್ಮದ ಟಿಪ್ಪಿಗೆ ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಗಟ್ಟಿಯಾಗುವುದು ನಿಜ, ಆದರೆ ಅದು ಪೆಡಸಾಗಿ ಅಂಚಿನಿಂದ ಉದುರುತ್ತದೆ.

ನೆಟ್ಟಗಿದೆಯೇ ಎಂದು ನೋಡಲು ಮೇಜಿನ ಮೇಲೆ ಉರುಳಿಸಿ. ಎರಡು ತುಂಡಿನದಾದರೆ ಬಿಡಿಬಿಡಿಯಾಗಿಯೂ ಜೋಡಿಸಿಯೂ ಉರುಳಿಸಿ. ಮರ ಮೇಪಲ್ ಆಗಿದ್ದರೆ ಒಳ್ಳೆಯದು. ಕಾರ್ಬನ್ ಫೈಬರ್ ಶಾಫ್ಟ್ ನಮ್ಮ ಮಳೆಗೆ ಬಾಗುವುದಿಲ್ಲವಾದರೂ ನಿಜವಾದದ್ದು ಅಗ್ಗಕ್ಕೆ ಸಿಗುವುದಿಲ್ಲ, ಅಗ್ಗಕ್ಕೆ ಸಿಗುವ ಬಹಳಷ್ಟು ‘ಕಾರ್ಬನ್’ ಕ್ಯೂಗಳು ಮರದ ಮೇಲೆ ಹೊದಿಸಿದ ಕಪ್ಪು ಹೊದಿಕೆ ಮಾತ್ರ. ಬ್ರೇಕ್ (ಆಟ ಶುರುಮಾಡಿ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಮತ್ತು ಜಂಪ್ ಎರಡಕ್ಕೂ ಆಗುವ ಮೂರು ತುಂಡಿನ ಕ್ಯೂ ಕೊಂಡರೆ ಹಣ ಉಳಿಯುತ್ತದೆ ಎನ್ನುವವರಿದ್ದಾರೆ. ಕಡಿಮೆ ಬೆಲೆಯವುಗಳಲ್ಲಿ ಸಂದಿನ ಲೋಹದ ಬಳೆಗಳಿಂದ ಜಂಪ್ ಭಾಗ ಭಾರವಾಗಿರುತ್ತದೆ, ಆದ್ದರಿಂದ ಪ್ರತ್ಯೇಕ ಜಂಪ್ ಕ್ಯೂವೇ ಮೇಲು. ಬೆಲೆಯ ವಿಷಯದಲ್ಲಿ ನನ್ನ ಲೆಕ್ಕ ಸರಳವಾಗಿದೆ: ನಿಮ್ಮ ಆಟದ ಕ್ಯೂವಿಗೆ ಕೊಟ್ಟದ್ದರ ಅರ್ಧವನ್ನು ಜಂಪ್ ಕ್ಯೂ ಮೀರಬಾರದು.

ಕೊನೆಗೆ ಹೊಡೆದು ನೋಡಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಅಂಚೆಯಲ್ಲಿ ತರಿಸುವುದಾದರೆ ಹಿಂತಿರುಗಿಸುವ ಅವಕಾಶವಿರುವಲ್ಲಿ ಮಾತ್ರ ತರಿಸಿ. ಮೇಜಿನ ಬಟ್ಟೆ ಕೆಡದಂತೆ ಅದೇ ಬಗೆಯ ಬಟ್ಟೆಯ ಚಿಕ್ಕ ತುಂಡನ್ನು ಬಿಳಿ ಚೆಂಡಿನ ಅಡಿಗೆ ಹಾಸಿ. ಎದುರಿಗೆ ಒಂದು ಗೇಣು ದೂರದಲ್ಲಿ ಇನ್ನೊಂದು ಚೆಂಡನ್ನು ಇಡಿ. ಕ್ಯೂವನ್ನು ಸುಮಾರು 45 ಡಿಗ್ರಿ ಎತ್ತಿ, ಹಿಡಿಯನ್ನು ಎರಡು ಮೂರು ಬೆರಳುಗಳಲ್ಲಿ ಸಡಿಲವಾಗಿ ಹಿಡಿದು, ಚೆಂಡಿನ ನಡುವಿಗೆ ಚುರುಕಾಗಿ, ಚಿಕ್ಕದಾಗಿ ಹೊಡೆಯಿರಿ. ಬಲ ಹಾಕಬೇಡಿ, ಹೊಡೆದ ಮೇಲೆ ಕ್ಯೂವನ್ನು ಮುಂದಕ್ಕೆ ದೂಡಬೇಡಿ. ಒಳ್ಳೆಯ ಕ್ಯೂ ಆದರೆ ತುದಿ ತಾನಾಗಿ ಹಿಂದಕ್ಕೆ ಜಿಗಿದದ್ದು ಅಂಗೈಗೇ ಗೊತ್ತಾಗುತ್ತದೆ. ಹೊಸಬರಾದರೆ ಈ ಪರೀಕ್ಷೆಯನ್ನು ಜಂಪ್ ಬಲ್ಲ ಗೆಳೆಯರಿಂದ ಮಾಡಿಸಿ. ಅವರೂ ಬಲ ಹಾಕಿಯೇ ದಾಟಿಸಬೇಕಾಗಿ ಬಂದರೆ ಆ ಕ್ಯೂವನ್ನು ಅಲ್ಲೇ ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ಅದನ್ನು ಕೋವಿಯಂತೆ ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳು ಬೆವರುತ್ತವೆ, ಒರಗಿದ ಮರ ಬಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಯೂ ಬೇಡ, ಅಲ್ಲಿನ ಕಾವಿಗೆ ಫೆರೂಲಿನ ಅಂಟು ಬಿಡುತ್ತದೆ. ಒಣ ಬಟ್ಟೆಯಿಂದ ಒರೆಸಿ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೀರುವಿನಲ್ಲಿ ಮಟ್ಟಸವಾಗಿ ಮಲಗಿಸಿ, ಮತ್ತು ಮಳೆಗಾಲವಿಡೀ ವಾರಕ್ಕೊಮ್ಮೆ ತೆಗೆದು ಆ ಟಿಪ್ಪಿನ ಸಂದನ್ನು ಉಗುರಿನಿಂದ ಸವರಿ ನೋಡುತ್ತಿರಿ.